ಮಲ್ಲೆಗುಡ್ಡದ ಅಂಚಿನ ಕಲ್ಲು

ನಿವೃತ್ತಿ ಎಂಬ ಮಾತನ್ನು ನನ್ನ ವಯಸ್ಸಿನವಳು ಬಳಸಿದರೆ ಕೇಳಿದವರು ನಗುತ್ತಾರೆ. ಆದರೂ ಬೇರೆ ಮಾತು ಸಿಗಲಿಲ್ಲ. ರಾಜೀನಾಮೆ ಎಂದರೆ ಇನ್ನೊಂದು ಕೆಲಸ ಹುಡುಕಿಕೊಂಡು ಹೊರಟವರ ಹಾಗೆ ಕೇಳಿಸುತ್ತದೆ. ನಾನು ಪ್ರವಾಸಿ ಮಾರ್ಗದರ್ಶಿಯ ಕೆಲಸವನ್ನು ಮುಗಿಸಿದ್ದೇನೆ, ಮತ್ತೆ ಅದಕ್ಕೆ ಹೋಗುವುದಿಲ್ಲ. ಮಧುಗಿರಿಯಲ್ಲಿ ಇತಿಹಾಸ ಓದುತ್ತಿರುವ ಕೆಲವು ಹುಡುಗಿಯರು ಈಗ ಇದೇ ಕೆಲಸಕ್ಕೆ ಸೇರುವವರಿದ್ದಾರೆ. 'ಹೇಗಿರುತ್ತೆ ಮೇಡಂ?' ಎಂದು ಕೇಳಿದರು. ಎದುರಿಗೆ ಕೂತು ಹೇಳುವುದು ನನಗೆ ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ಹೆಚ್ಚಿನ ಭಾಗ ಈರಮ್ಮ ಎಂಬಾಕೆಯ ವಿಷಯ. ಆಕೆ ತನ್ನ ಸತ್ತ ಮಗಳಿಗಾಗಿ ಇಟ್ಟ ಒಂದು ಕಲ್ಲನ್ನು ನಮ್ಮ ಕಚೇರಿ ಹಾಳುಮಾಡಿತು. ಆ ಕೆಲಸದಲ್ಲಿ ನಾನು ಕಂಡದ್ದೆಲ್ಲ ಕೊನೆಗೆ ಆ ಕಲ್ಲಿನ ಹತ್ತಿರವೇ ಬಂದು ನಿಲ್ಲುತ್ತದೆ.

ನಮ್ಮ ಕಚೇರಿ ಮಧುಗಿರಿ ಪೇಟೆಯಲ್ಲಿತ್ತು. ಕೆಳಗೆ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಮೇಲಿನ ಕೋಣೆಯಲ್ಲಿ ಪ್ರವಾಸದ ವ್ಯವಹಾರ. ಎರಡೂ ಮಹದೇವಯ್ಯನವರದೇ. ಅವರದು ಅಜ್ಜನ ಕಾಲದಿಂದ ಕಡಲೆಕಾಯಿ ವ್ಯಾಪಾರ ಮಾಡಿದ ಮನೆತನ. ವಿಭೂತಿ ಹಚ್ಚದೆ ಅಂಗಡಿಯ ಬೀಗ ತೆಗೆಯುತ್ತಿರಲಿಲ್ಲ. ಊರಿನ ಬೆಟ್ಟ ಹತ್ತಲು ದೂರದಿಂದ ಜನ ಬರುವುದನ್ನು ಕಂಡು, 'ಅಲ್ಲ, ನಾವು ಇಷ್ಟು ವರ್ಷ ಬರೀ ಕಡ್ಲೆಕಾಯಿ ಮಾರಿದ್ವಲ್ಲ, ಬೆಟ್ಟ ಸುಮ್ನೆ ನಿಂತಿತ್ತಲ್ಲ' ಎಂದು ಈ ಕೆಲಸ ಶುರು ಮಾಡಿದವರು. ಕೆಟ್ಟವರಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುವಾಗ ನಿಮಗೆ ಹಾಗನ್ನಿಸಬಹುದು. ಗಾಡಿ ಓಡಿಸುತ್ತಿದ್ದವರು ಸಿರಾದ ಖಾದರ್ ಭಾಯಿ. ಮಾತನಾಡುವ ಕೆಲಸ ನನ್ನದು.

ಸೇರಿದ ಹೊಸದರಲ್ಲಿ ಸಿರಾದ ಹಳೆಯ ಗೋರಿಯ ಮುಂದೆ ನಿಂತು ಕಮಾನಿನ ಬಗ್ಗೆ, ಗಾರೆ ಕೆಲಸದ ಬಗ್ಗೆ ವಿವರವಾಗಿ ಹೇಳುತ್ತಿದ್ದೆ. ಓದಿದ್ದನ್ನೆಲ್ಲ ಹೇಳಬೇಕೆಂಬ ಆಸೆ. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಇಡೀ ಗುಂಪು ಬಿರಿಯಾನಿ ಹುಡುಕಿಕೊಂಡು ಹೋಗಿತ್ತು. ಖಾದರ್ ಭಾಯಿ ಗಾಡಿಗೆ ಒರಗಿ ನಿಂತಿದ್ದವರು, "ಮೇಡಂ, ನೀವು ಗೋಡೆಗೆ ಪಾಠ ಹೇಳ್ತಾ ಇದ್ರಿ. ಗೋಡೆ ಮಾಶಾಅಲ್ಲಾ ಚೆನ್ನಾಗಿ ಕಲ್ತುಕೊಂಡಿದೆ" ಎಂದರು. ಅಂದಿನಿಂದ ಮಾತು ಕಡಿಮೆ ಮಾಡಿದೆ.

ಮಧುಗಿರಿ ಕೋಟೆಯ ಕಡಿದಾದ ಬಂಡೆಯ ನಡುವೆ ಒಬ್ಬ ಬ್ಯಾಂಕ್ ಅಧಿಕಾರಿ ಕಬ್ಬಿಣದ ಸರಳನ್ನು ಹಿಡಿದು ಕೂತುಬಿಟ್ಟಿದ್ದರು. ಮೇಲಕ್ಕೂ ಹೋಗಲಾರರು, ಕೆಳಕ್ಕೂ ಬರಲಾರರು. ಕೆಳಗಿನಿಂದ ಅವರ ಹೆಂಡತಿ, "ಇಳ್ದು ಬನ್ರೀ, ಫೋಟೋ ಬಂದಾಯ್ತು!" ಎಂದು ಕೂಗುತ್ತಿದ್ದರು. ನಾನು ಹೋಗಿ ಅವರ ಪಕ್ಕ ಕೂತೆ. ಇತಿಹಾಸ ಹೇಳಲಿಲ್ಲ. ಅವರ ಊರು, ಅವರ ಮಗಳ ಶಾಲೆ, ಇಂಥದ್ದೇ ಕೇಳುತ್ತ ಕೂತೆ. ಬಂಡೆಯ ಕಾವು ಏರುವ ಹೊತ್ತಿಗೆ ಅವರು ಕೂತಲ್ಲೇ ಜಾರುತ್ತ ಇಳಿದರು. ಮಾರ್ಗದರ್ಶಿ ಎಂದರೆ ಬಹುಪಾಲು ಇದೇ ಕೆಲಸ.

ಕಗ್ಗಲಡುವಿನಲ್ಲಿ ಕೊಕ್ಕರೆಗಳು ಊರೊಳಗಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಒಬ್ಬ ಯುವಕ ಹಕ್ಕಿಗಳು ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿದ. ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಮುದುಕಿ ಮೊರ ಬದಿಗಿಟ್ಟು, "ನಿಮ್ಮನೆ ಬಾಣಂತಿ ಮುಂದೂ ಇಂಗೇ ತಮಟೆ ಹೊಡಿತೀಯೇನ್ಲಾ?" ಎಂದಳು. ಅವನು ನನ್ನ ಕಡೆ ನೋಡಿದ, ಅನುವಾದ ಬೇಕು ಎನ್ನುವ ಹಾಗೆ. ಅವನೂ ಕನ್ನಡದವನೇ.

ನಾನು ಇದ್ದ ಕಾಲದಲ್ಲೇ ಕೆಲಸದ ರೀತಿ ಬದಲಾಯಿತು. ಮೊದಮೊದಲು ಜನ 'ಇದು ಏನು?' ಎಂದು ಕೇಳುತ್ತಿದ್ದರು. ಆಮೇಲೆ 'ಎಲ್ಲಿ ನಿಲ್ಲಬೇಕು?' ಎಂದು ಕೇಳತೊಡಗಿದರು. ಮಹದೇವಯ್ಯನವರು ಅದನ್ನು ನನಗಿಂತ ಬೇಗ ಹಿಡಿದರು. ಚನ್ನರಾಯನದುರ್ಗದಲ್ಲಿ ಯಾವ ಬಾಗಿಲ ಮುಂದೆ, ಸಿದ್ಧರಬೆಟ್ಟದಲ್ಲಿ ಯಾವ ಮೆಟ್ಟಿಲ ಮೇಲೆ ಎಂದು ನಿಲ್ಲುವ ಜಾಗಗಳನ್ನೇ ಗೊತ್ತು ಮಾಡಿದರು. ಪ್ರತಿ ಗುಂಪನ್ನೂ ಅಲ್ಲಿ ನಿಲ್ಲಿಸುವುದು, ಬೆಳಕು ಯಾವ ಕಡೆಯಿಂದ ಎಂದು ಹೇಳುವುದು ನನ್ನ ಕೆಲಸವಾಯಿತು. ನನಗೆ ಅದು ಇಷ್ಟವಿರಲಿಲ್ಲ, ಆದರೆ ಚೆನ್ನಾಗಿಯೇ ಮಾಡುತ್ತಿದ್ದೆ.

ಮಲ್ಲೆಗುಡ್ಡ ಹೀಗೆ ಸಿಕ್ಕಿದ್ದು. ಪಾವಗಡದ ಆಚೆ ವಳ್ಳೂರಿನ ಕಡೆ ಸೋಲಾರ್ ಪಾರ್ಕ್ ಬಂದ ಮೇಲೆ ಹೊಲಗಳೆಲ್ಲ ಗಾಜಿನ ಹಲಗೆಗಳ ಕೆಳಗೆ ಹೋಗಿದ್ದವು. ಬೇಲಿಯಿಂದ ಹೊರಗೆ ಉಳಿದ ಬೋಳುಗುಡ್ಡ ಅದು. ಅದರ ತುದಿಯಲ್ಲಿ ನಿಂತರೆ ಮೂರು ಕಡೆಯೂ ಕಣ್ಣು ಹರಿಯುವಷ್ಟು ದೂರ ನೀಲಿ ಹಲಗೆಗಳು, ಬೆಳಗಿನ ಹೊತ್ತು ಥೇಟ್ ಸಮುದ್ರ. ನಾಲ್ಕನೆಯ ಕಡೆ ಮಾತ್ರ ನೆಲ, ಒಂದು ಕಾಲುದಾರಿ, ಅದರ ತುದಿಗೆ ಕುರಿ ಸಾಕುವವರ ಹಟ್ಟಿ. ಮಹದೇವಯ್ಯನವರು ಮೊದಲ ಸಲ ಹತ್ತಿದವರು ಎದೆ ಹಿಡಿದುಕೊಂಡು ಉಸಿರು ಬಿಡುತ್ತ, "ಮೂರು ಕಡೆ ನೀರು, ಒಂದು ಕಡೆ ನೆಲ. ಏನಂತಾರೆ ಅದಕ್ಕೆ?" ಎಂದರು.

"ಪರ್ಯಾಯ ದ್ವೀಪ" ಎಂದೆ.

"ಅದೇ. ಪೆನಿನ್ಸುಲಾ ಪಾಯಿಂಟ್! ಬಯಲುಸೀಮೆಯವರು ಕಡಲು ನೋಡೋಕೆ ಕಾರವಾರಕ್ಕೆ ಯಾಕೆ ಹೋಗ್ಬೇಕು?"

"ಅಲ್ಲಿ ನೀರಿದೆ ಸಾರ್" ಎಂದರು ಖಾದರ್ ಭಾಯಿ.

"ನೀರು ಯಾರಿಗ್ ಬೇಕಯ್ಯ, ಫೋಟೋದಲ್ಲಿ ನೆನೆಯುತ್ತಾ?"

ಗುಡ್ಡದ ನೆತ್ತಿಯ ನಡುವೆ ಕಲ್ಲುಗಳ ಗುಂಪೊಂದಿತ್ತು. ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡರೆ ಅವರು ಕೊನೆಗೆ ಕುರಿ ಮೇಯಿಸಿದ ಹಳ್ಳದಿಂದ ಒಂದು ಕಲ್ಲು ತಂದು, ಕುಲದ ಹಿರಿಯರ ಮುಂದೆ ಅಲ್ಲಿ ಇಡುವುದು ಅವರ ಪದ್ಧತಿ. ಹೆಸರಿಲ್ಲ, ಕೆತ್ತನೆಯಿಲ್ಲ. ಇಟ್ಟ ಜಾಗದಿಂದಲೇ ಇದು ಯಾರದು ಎಂದು ಗುರುತು. ಹಟ್ಟಿಯ ಹಿರಿಯ ಕರಿಯಣ್ಣ ಇದನ್ನು ನನಗೆ ವಿವರಿಸಿ, ಯಾರೂ ಮುಟ್ಟಬಾರದು ಎಂದಿದ್ದ. ನಾನು ಪ್ರತಿ ಗುಂಪಿಗೂ ಅದನ್ನು ಹೇಳುತ್ತಿದ್ದೆ. ಜನ ದೂರದಿಂದ ಕೈಮುಗಿದು, ಆ ಕಲ್ಲುಗಳನ್ನು ಸುತ್ತಿಕೊಂಡು ಅಂಚಿಗೆ ಹೋಗುತ್ತಿದ್ದರು. ಅಂಚಿನಲ್ಲಿ ಒಂದು ಒಂಟಿ ಕರಿಕಲ್ಲಿತ್ತು, ಬಿಂದಿಗೆಯಷ್ಟು ದಪ್ಪ. ಒಂದು ಕಾಲನ್ನು ಅದರ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತರೆ ಹಿಂದೆ ಆ ನೀಲಿಯೆಲ್ಲ ಬರುತ್ತಿತ್ತು. ಅದೇ ನಮ್ಮ ನಿಲ್ಲುವ ಜಾಗ.

ಈರಮ್ಮನನ್ನು ನಾನು ಕಂಡದ್ದು ಅಲ್ಲೇ. ಬೇಲಿ ಬಂದ ಮೇಲೆ ಹಟ್ಟಿಯ ಆಡುಕುರಿಗಳಿಗೆ ಉಳಿದಿದ್ದ ಮೇವು ಗುಡ್ಡದ ಮೇಲಿನದಷ್ಟೆ. ಆಕೆ ದಿನವೂ ಆಡುಗಳನ್ನು ಬಿಟ್ಟುಕೊಂಡು ಅಂಚಿನ ಹತ್ತಿರವೇ ಕೂರುತ್ತಿದ್ದಳು. ಬಿಸಿಲಿದ್ದರೂ ಆ ಕಡೆಯೇ. ಬಂದವರು ಅವಳ ಚಿತ್ರವನ್ನೂ ತೆಗೆಯುತ್ತಿದ್ದರು.

"ಏಮಮ್ಮಾ, ದಿನಾ ಜನಾನ ಕರ್ಕಂಬಂದು ಏನ್ ತೋರಿಸ್ತೀಯ? ಇಲ್ಲೇನೈತೆ?" ಎಂದು ಒಂದು ದಿನ ಕೇಳಿದಳು.

"ಸೋಲಾರ್ ತೋರಿಸ್ತೀನಮ್ಮ."

"ಅಯ್ಯೋ ರಾಮ, ಅದ್ನ ನೋಡಾಕೆ ಬತ್ತಾರಾ? ನಮ್ಗೆ ನೋಡ್ದಂಗಿರಾಕೇ ಆಗ್ತಿಲ್ಲ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ಮದ್ವೆ ಆಗೈತಾ?" ಎಂದಳು.

"ಇಲ್ಲ."

"ಇಂಗೆ ಗುಡ್ಡ ಗುಡ್ಡ ಹತ್ತತಾ ಇದ್ರೆ ಗಂಡು ಎಲ್ಲಿ ಹಿಡಿತದೆ ನಿನ್ನ? ಓಡಿ ಓಡಿ ಸುಸ್ತಾಗ್ಬುಡ್ತದೆ."

ನಾನು ನಕ್ಕೆ. ನನ್ನ ಸ್ವಂತ ವಿಷಯ ಕೇಳಿದವರಿಗೆ ನಾನು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ, ಅವಳಿಗೆ ಹೇಗೋ ಕೊಟ್ಟಿದ್ದೆ. ಅವಳ ವಿಷಯವನ್ನು ನಾನು ಕೇಳಲಿಲ್ಲ.

ಒಂದು ಸಲ ದೊಡ್ಡ ಗುಂಪೊಂದು ಬರುವುದಿತ್ತು. ಊರೂರು ಸುತ್ತಿ ವೀಡಿಯೋ ಮಾಡುವವರು, ಅವರ ಹಿಂದೆ ನೋಡುವ ಜನ ಬಹಳ. ನಾನು ಕೊರಟಗೆರೆಯ ಕಡೆ ಬೇರೆ ಗುಂಪಿನ ಜೊತೆಯಲ್ಲಿದ್ದಾಗ ಮಹದೇವಯ್ಯನವರು ಕೂಲಿಯವರನ್ನು ಕಳಿಸಿ ಗುಡ್ಡವನ್ನು ಚೊಕ್ಕಟ ಮಾಡಿಸಿದರು. ದೊಡ್ಡವರು ಬರುವಾಗ ನಮ್ಮ ಊರುಗಳಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು: ಬಿಡಿ ಕಲ್ಲುಗಳನ್ನೆಲ್ಲ ಆರಿಸಿ ದಾರಿಯ ಎರಡು ಬದಿಗೂ ಸಾಲಾಗಿ ಜೋಡಿಸಿ ಸುಣ್ಣ ಬಳಿದರು. ಅಂಚಿನಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ 'ಪೆನಿನ್ಸುಲಾ ಪಾಯಿಂಟ್' ಎಂಬ ಬೋರ್ಡು ನೆಟ್ಟರು. ಸತ್ತವರ ಕಲ್ಲುಗಳ ಗುಂಪಿಗೆ ಒಂದು ಬೆರಳೂ ಸೋಕಿಸಲಿಲ್ಲ. ಕೂಲಿಯವರಿಗೆ ಮಹದೇವಯ್ಯ ಎರಡೆರಡು ಸಲ ಎಚ್ಚರಿಕೆ ಹೇಳಿದ್ದರಂತೆ.

ಮಾರನೆಯ ವಾರ ನಾನು ಹೋದಾಗ ಈರಮ್ಮ ಆಡುಗಳ ಕಡೆ ನೋಡುತ್ತಿರಲಿಲ್ಲ. ದಾರಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬಿಳಿ ಕಲ್ಲಿನ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಏನಮ್ಮ ಇದು?" ಎಂದೆ.

"ಕರಿಕಲ್ಲು. ಇಲ್ಲಿತ್ತಲ್ಲ, ಅಂಚ್ನಾಗೆ. ಎಲ್ಲಿಕ್ಕಿದ್ರು?"

"ಯಾಕೆ?"

ಅವಳು ಹಟ್ಟಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಮ್ ಪಾಪ ಅದು. ಗಂಗಿ."

ಮಗಳು ಮದುವೆಗೆ ಮೊದಲೇ ಜ್ವರ ಬಂದು ಹೋದವಳು. ಮದುವೆಯಾಗದ ಹೆಣ್ಣಿಗೆ ಗುಡ್ಡದ ಮೇಲೆ ಕಲ್ಲು ಇಡುವ ಪದ್ಧತಿ ಇಲ್ಲ ಎಂದು ಕುಲದವರು ಹೇಳಿದ್ದರು. ಈರಮ್ಮ ಯಾರಿಗೂ ಹೇಳದೆ, ಮಗಳು ಆಡು ಮೇಯಿಸುತ್ತಿದ್ದ ಹಳ್ಳದಿಂದ ಆ ಕರಿಕಲ್ಲನ್ನು ಮಂಕರಿಯಲ್ಲಿ ಹೊತ್ತು ತಂದು, ಗುಂಪಿನಿಂದ ದೂರ, ಯಾರಿಗೂ ಅನುಮಾನ ಬರದ ಹಾಗೆ ಅಂಚಿನಲ್ಲಿಟ್ಟಿದ್ದಳು. ಹಟ್ಟಿಯವರಿಗೆ ಅದು ಬರೀ ಕಲ್ಲು. ನಮಗೆ ಕಾಲಿಡುವ ಕಲ್ಲು. ಅವಳು ದಿನವೂ ಆ ಕಡೆಯೇ ಏಕೆ ಕೂರುತ್ತಿದ್ದಳೆಂದು ಆಗ ತಿಳಿಯಿತು.

"ಜನ ಅದರ ಮೇಲೆ ಕಾಲಿಡುವಾಗ ಒಂದು ಮಾತು ಹೇಳಬಾರದಿತ್ತಾ?"

"ನಿಂಗೆ ಹೇಳಿದ್ರೆ ನೀನು ಅವ್ರಿಗೆಲ್ಲ ಹೇಳ್ತಿದ್ದೆ. ಮೈಕಿನಾಗೆ ಹೇಳ್ದಂಗೆ ಹೇಳ್ತೀಯ ನೀನು. ಹಟ್ಟಿಗೆ ಕೇಳಿಸ್ತಿತ್ತು. ಅವರು ಅದ್ನ ಎತ್ತಿ ಹಳ್ಳಕ್ಕೆಸೀತಿದ್ರು."

ಇಬ್ಬರೂ ಕೂತು ಸಾಲಿನ ಕೊನೆಯವರೆಗೆ ಕೆರೆದೆವು. ಎಲ್ಲವೂ ಗುಡ್ಡದ ಬಿಳಿಗಲ್ಲುಗಳೇ. ಬಂದ ಪ್ರವಾಸಿಗಳು ನಾವೇನೋ ಹರಕೆ ತೀರಿಸುತ್ತಿದ್ದೇವೆಂದು ದೂರ ಸರಿದು ನಡೆದರು. ಅಷ್ಟು ಹೊತ್ತು ಕೆರೆದರೆ ಹಟ್ಟಿಗೆ ಕಾಣದಿರುತ್ತದೆಯೇ? ಕರಿಯಣ್ಣ ಕೋಲೂರಿಕೊಂಡು ಹತ್ತಿ ಬಂದ. ಈರಮ್ಮನಿಗೆ ಅವನು ಗಂಡನ ಅಣ್ಣನಾಗಬೇಕು. ಅವಳು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಇದ್ದದ್ದನ್ನು ಹೇಳಿದಳು. ಇಷ್ಟು ವರ್ಷ ಬಚ್ಚಿಟ್ಟದ್ದು ಅಲ್ಲಿಗೆ ಮುಗಿಯಿತು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತೇನೋ. "ಕುಲಾನ ಕೇಳ್ದೆ ಇಟ್ಟಿದ್ದು ಕಲ್ಲೇ ಅಲ್ಲ ಕಣವ್ವ. ಹೋದ್ರೆ ಹೋಗ್ಲಿ ಬುಡು. ಅಷ್ಟು ಸಂಕಟ ಇದ್ರೆ ಹಳ್ಳದಾಗೆ ಬೇಕಾದಷ್ಟವೆ, ಇನ್ನೊಂದು ತಂದಿಕ್ಕೋ. ನಾ ನೋಡ್ದಂಗಿರ್ತೀನಿ."

"ಕಲ್ಲಿಕ್ಕಾದು ಅಂದ್ರೆ ಮಣ್ಣು ಮಾಡ್ದಂಗೇ ಅಲ್ವೇನಪ್ಪಾ? ಒಬ್ಬಳ್ನೇ ಎಷ್ಟು ಸಲ ಸಾಯಿಸ್ಲಿ?"

ಅವನು ಕೋಲೂರಿಕೊಂಡು ಇಳಿದು ಹೋದ.

ನನ್ನ ಫೋನಿನಲ್ಲಿ ಪ್ರವಾಸಿಗಳ ಚಿತ್ರಗಳು ಬೇಕಾದಷ್ಟಿದ್ದವು. ಕಲ್ಲು ಹೇಗಿತ್ತೆಂದು ಕೂಲಿಯವರಿಗೆ ತೋರಿಸಿ ಕೇಳಬಹುದೆಂದು ಅವನ್ನು ತೆಗೆದೆ. ತೆಗೆದ ಮೇಲೆ ಈರಮ್ಮನಿಗೆ ತೋರಿಸಬಾರದಿತ್ತು ಅನ್ನಿಸಿತು, ಆದರೆ ಅವಳು ಆಗಲೇ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಳು. ಎಲ್ಲ ಚಿತ್ರಗಳಲ್ಲೂ ಕಲ್ಲು ಸ್ಪಷ್ಟವಾಗಿತ್ತು. ಎಲ್ಲದರಲ್ಲೂ ಅದರ ಮೇಲೊಂದು ಬೂಟುಗಾಲು. ಅವಳು ಬೆರಳಿನಿಂದ ಬೂಟನ್ನು ಒರೆಸಲು ನೋಡಿದಳು, ಪರದೆ ಸರಿದು ಮುಂದಿನ ಚಿತ್ರ ಬಂತು, ಅಲ್ಲಿ ಇನ್ನೊಂದು ಬೂಟು.

"ದಿನಾ ನೋಡ್ತಿದ್ದೆ. ಒಟ್ಟಿಗೆ ನೋಡಿರ್ಲಿಲ್ಲ" ಎಂದಳು.

ಕೂಲಿಯವರ ಮೇಸ್ತ್ರಿಗೆ ಫೋನಿನಲ್ಲೇ ಚಿತ್ರ ಕಳಿಸಿ ಕೇಳಿದೆ. ಅವನು ತಡಮಾಡದೆ ಹೇಳಿದ: "ಓ ಅದಾ? ಒಳ್ಳೆ ಗಟ್ಟಿ ಕಲ್ಲು ಮೇಡಂ. ಬೋರ್ಡಿನ ಕಟ್ಟೆಗೆ ಹಾಕಿದೀವಿ." ಕಟ್ಟೆಯ ಹಿಂಭಾಗಕ್ಕೆ ಹೋಗಿ ನೋಡಿದೆವು. ಸಿಮೆಂಟಿನ ನಡುವೆ ಅಂಗೈಯಷ್ಟು ಅಗಲ ಕರಿಕಲ್ಲಿನ ಮುಖ ಕಾಣುತ್ತಿತ್ತು. ಈರಮ್ಮ ಅದರ ಮೇಲೆ ಕೈಯಿಟ್ಟು ಕೂತಳು. ಬೋರ್ಡಿನ ಮುಂದೆ ಗಂಡಹೆಂಡಿರಿಬ್ಬರು ಚಿತ್ರ ತೆಗೆಸಿಕೊಳ್ಳುತ್ತಿದ್ದರು. "ಆಂಟಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಸೆರಗು ಕಾಣ್ತಿದೆ" ಎಂದರು. ಅವಳು ಸೆರಗನ್ನು ಒಳಕ್ಕೆ ಎಳೆದುಕೊಂಡಳು.

ಮಹದೇವಯ್ಯನವರ ಮುಂದೆ ನಿಂತು ನಡೆದದ್ದೆಲ್ಲ ಹೇಳಿ, ಕಟ್ಟೆ ಒಡೆಯಬೇಕು ಎಂದೆ. ಅವರು ಮೇಜಿನ ಮೇಲಿನ ಬೀಜದ ಪೊಟ್ಟಣಗಳನ್ನು ಬದಿಗೆ ಸರಿಸಿದರು. "ಗುಂಪು ಮುಟ್ಟಬೇಡಿ ಅಂದಿದ್ದೆ, ಮುಟ್ಟಿಲ್ಲ. ಇದು ಒಂಟಿ ಕಲ್ಲು ಕಣಮ್ಮ. ಅವರ ಕುಲದವರಿಗೇ ಗೊತ್ತಿಲ್ಲದ್ದು ನನಗೆ ಹೆಂಗೆ ಗೊತ್ತಾಗ್ಬೇಕು?"

"ಗೊತ್ತಾಗೋಕೆ ಸಾಧ್ಯವಿರಲಿಲ್ಲ ಸಾರ್. ಈಗ ಗೊತ್ತಾಯ್ತಲ್ಲ."

"ವೀಡಿಯೋದವರು ಬಂದು ಹೋಗ್ಲಿ. ಆಮೇಲೆ ಒಡೆಸ್ತೀನಿ. ನನ್ನ ಮಾತು."

ಮಾತು ಉಳಿಸಿಕೊಂಡರು. ವೀಡಿಯೋದವರು ಬಂದು, ಬೋರ್ಡಿನ ಮುಂದೆ ಕುಣಿದು ಹೋದ ಮೇಲೆ ಮೇಸ್ತ್ರಿಯನ್ನು ಕಳಿಸಿದರು. ಅಷ್ಟರಲ್ಲಿ ಸಿಮೆಂಟು ಚೆನ್ನಾಗಿ ಕಚ್ಚಿಕೊಂಡಿತ್ತು. ಮೇಸ್ತ್ರಿ ಉಳಿಯನ್ನು ಓರೆಯಾಗಿ ಹಿಡಿದು ಜೋಪಾನವಾಗಿಯೇ ಹೊಡೆದ. ಈರಮ್ಮ ಪಕ್ಕದಲ್ಲಿ ಕೂತು, "ಮೆಲ್ಲಗೆ ಅಣ್ಣಾ, ಮೆಲ್ಲಗೆ" ಎನ್ನುತ್ತಿದ್ದಳು. ಕಟ್ಟೆಯ ಮೂಲೆ ಕಳಚಿ ಬಿತ್ತು. ಕಲ್ಲು ಅದರ ಜೊತೆಗೇ ಹೋಳಾಯಿತು. ಮೇಸ್ತ್ರಿ ಉಳಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ, ನಾನೇನೂ ಮಾಡಲಿಲ್ಲ ಎನ್ನುವ ಹಾಗೆ.

ಹಟ್ಟಿಯವರ ಪದ್ಧತಿಯಲ್ಲಿ ಒಡೆದ ಕಲ್ಲನ್ನು ನೆಲದ ಮೇಲೆ ಇಡುವ ಹಾಗಿಲ್ಲ, ನೀರಿಗೆ ಬಿಡಬೇಕು. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಈರಮ್ಮನಿಗೆ ಗೊತ್ತಿತ್ತು. ಹೋಳುಗಳನ್ನೆಲ್ಲ ಆರಿಸಿ ಕಂಬಳಿಯಲ್ಲಿ ಕಟ್ಟಿಕೊಂಡಳು. ಆದರೆ ಅದು ಬೇಸಿಗೆ. ಹಳ್ಳ ಒಣಗಿತ್ತು, ಸುತ್ತಲ ಕೆರೆಗಳಲ್ಲಿ ಆಡುಗಳು ನಡೆದಾಡುತ್ತಿದ್ದವು. ಮಳೆಯವರೆಗೆ ಕಾಯಬಹುದು ಎಂದರು ಹಟ್ಟಿಯವರು. "ಅಲ್ಲೀಗಂಟ ಎಲ್ಲಿಕ್ಕಲಿ?" ಎಂದಳು. ಸತ್ತವರ ಕಲ್ಲು ಮನೆಯೊಳಗೆ ಬರಬಾರದು, ಗುಡ್ಡದ ಮೇಲೆ ಇಡಲು ಇನ್ನು ಆಗದು. ಒಂದು ವಾರ ಆ ಗಂಟು ಆಡಿನ ರೊಪ್ಪದ ಬೇಲಿಗೆ ನೇತಾಡುತ್ತಿತ್ತು.

"ಕೊರಟಗೆರೆ ಕಡೆ ತೀತಾ ಡ್ಯಾಮಿನಲ್ಲಿ ನೀರಿದೆ, ಹೋದ ವಾರ ನೋಡಿದೀನಿ" ಎಂದರು ಖಾದರ್ ಭಾಯಿ. ಗಾಡಿ ಬಿಡುವಾಗಿದ್ದ ದಿನ ಬೆಳಿಗ್ಗೆ ಹಟ್ಟಿಗೆ ಹೋದೆವು. ಈರಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಕೆಳಗಿಡು ಎಂದರೆ ಕೇಳಲಿಲ್ಲ. ದಾರಿಯಲ್ಲಿ ಪಾವಗಡದ ಕೋಟೆ ಬಂತು, ಹೋಯಿತು. ಮಧುಗಿರಿಯ ಏಕಶಿಲೆ ಕಂಡಾಗ ಅವಳೇ ಕಿಟಕಿಯಿಂದ ಬಗ್ಗಿ ತುದಿಯವರೆಗೆ ನೋಡಿದಳು.

"ಇದ್ನೂ ಹತ್ತಿಸ್ತೀಯಾ ಜನಾನ?"

"ಹೂಂ."

"ಮೇಲೇನೈತೆ?"

"ಹಾಳುಬಿದ್ದ ಗುಡಿ. ಗಾಳಿ."

"ಅಷ್ಟೇನಾ" ಎಂದು ಒಳಕ್ಕೆ ಸರಿದು ಕೂತಳು. ಖಾದರ್ ಭಾಯಿ ನಗಲಿಲ್ಲ.

ತೀತಾದ ಏರಿಯ ಮೇಲೆ ಆ ಹೊತ್ತಿಗೆ ಹೆಚ್ಚು ಜನರಿರಲಿಲ್ಲ. ನೀರು ಬಹಳ ಕೆಳಗಿತ್ತು, ಬಂಡೆಗಳ ಮೇಲೆ ಜೋಪಾನವಾಗಿ ಇಳಿಯಬೇಕಾಯಿತು. ಈರಮ್ಮ ಕಂಬಳಿ ಬಿಚ್ಚಿದಳು. ಹೋಳುಗಳಲ್ಲಿ ಸಿಮೆಂಟಿನ ಗುರುತೇ ಇರಲಿಲ್ಲ. ಆ ಒಂದು ವಾರ ರೊಪ್ಪದಲ್ಲಿ ಕೂತು, ಬೇರೆ ಕಲ್ಲಿನಿಂದ ತಟ್ಟಿ ತಟ್ಟಿ, ಅಂಟಿದ್ದನ್ನೆಲ್ಲ ಬಿಡಿಸಿದ್ದಳು. ಒಂದೊಂದೇ ಹೋಳನ್ನು ಎಸೆಯದೆ, ಮೊಣಕಾಲುದ್ದ ನೀರಿಗಿಳಿದು, ಕೈಯನ್ನು ಮುಳುಗಿಸಿ ಬಿಟ್ಟಳು. ಮಗಳ ಹೆಸರನ್ನು ಕೂಗಲಿಲ್ಲ. ಕೈಮುಗಿಯಲೂ ಇಲ್ಲ.

ಮೇಲೆ ಬಂದು ಸೆರಗಿನ ತುದಿಯ ಗಂಟನ್ನು ಬಿಚ್ಚಿದಳು. ಅದರಲ್ಲಿ ಸಿಮೆಂಟಿನ ಚೂರುಗಳು. ನನ್ನ ಕೈ ಹಿಡಿದು ಅಂಗೈಗೆ ಸುರಿದಳು.

"ಇದು ಅವಳ ಜೊತೆ ಹೋಗಬಾರ್ದು ಕಣಮ್ಮ. ಇದು ನಿಮ್ಮೋರ್ದು. ತಗಂಡೋಗಿ ಕೊಟ್ಬುಡು."

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಎರವಲು ತಂದ ಪಾತ್ರೆಯನ್ನು ತೊಳೆದು ಹಿಂದಿರುಗಿಸುವವರ ಹಾಗೆ ಹೇಳಿದಳು. ವಾಪಸು ಬರುವಾಗ ಖಾಲಿ ಕಂಬಳಿಯನ್ನು ಮಡಿಸಿ ತಲೆಗಿಟ್ಟುಕೊಂಡು ನಿದ್ದೆ ಹೋದಳು.

ಮರುದಿನ ಮಹದೇವಯ್ಯನವರು ಬೀಗ ತೆಗೆಯುವುದನ್ನೇ ಕಾದಿದ್ದು, ಅವರ ಹಿಂದೆ ಮೆಟ್ಟಿಲು ಹತ್ತಿ, ಆ ಚೂರುಗಳನ್ನು ಮೇಜಿನ ಮೇಲಿಟ್ಟೆ. "ಏನಿದು?" ಎಂದರು. ಯಾರು ಕೊಟ್ಟದ್ದು, ಏನೆಂದು ಕೊಟ್ಟದ್ದು ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚೂರುಗಳನ್ನು ಮುಟ್ಟಲಿಲ್ಲ. ಕೆಳಗೆ ಗಾಡಿ ಬಂದ ಸದ್ದಾಯಿತು, ಆ ದಿನದ ಗುಂಪು ಬಂದಿತ್ತು. "ಜನ ಕಾಯ್ತಿದಾರಮ್ಮ" ಎಂದರು. ನಾನು ಕೊರಳಿನ ಗುರುತಿನ ಚೀಟಿಯನ್ನು ತೆಗೆದು ಆ ಚೂರುಗಳ ಪಕ್ಕದಲ್ಲಿಟ್ಟೆ.